ಜಗ್ಗುವ ಗಾಡಿಯ ಜಾಡು ಹಿಡಿದು

ಹುಮನಾಬಾದಿನಿಂದ ಕೊಡಂಬಲಕ್ಕೆ ಹೊರಟಿದ್ದೆವು. ಕಬ್ಬಿನ ಹಂಗಾಮು. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಆನೆಯಂತೆ ತೂಗಾಡುತ್ತ ಸಾಗಿತ್ತು. ಎದುರಿನ ರಸ್ತೆ ಖಾಲಿ ಇದ್ದುದನ್ನು ನೋಡಿ ಸೋದರಮಾವ ಕಾರನ್ನು ಬಲಕ್ಕೆ ತೆಗೆದು ಆಕ್ಸಿಲರೇಟರ್ ಒತ್ತಿದರು. ಕಾರು ಮುಂದಕ್ಕೆ ಚಿಮ್ಮಬೇಕಿತ್ತು. ಚಿಮ್ಮಲಿಲ್ಲ. ಯಾರೋ ಹಿಂದಿನಿಂದ ಹಗ್ಗ ಹಿಡಿದು ಎಳೆದಂತೆ ಮೂರು ಸಲ ಜಗ್ಗಿತು. ಅಷ್ಟರಲ್ಲಿ ದೂರದಲ್ಲಿ ಲಾರಿಯ ದೀಪ ಕಂಡಿತು. ಮಾವ ಕಾಲು ಸಡಿಲಿಸಿ ಮತ್ತೆ ಟ್ರ್ಯಾಕ್ಟರಿನ ಹಿಂದೆಯೇ ಸೇರಿಕೊಂಡರು. ಕಾರಿನಲ್ಲಿದ್ದ ಐವರೂ ಒಂದು ಕ್ಷಣ ಮಾತಾಡಲಿಲ್ಲ.

'ಇದರ ಗೇರ್ ಬಾಕ್ಸ್ ಹೋಗ್ಯಾದಂತ. ನಲವತ್ತೈದು ಸಾವಿರ ಕೇಳ್ಯಾರ' ಎಂದರು ಮಾವ.

ಎಂಟು ವರ್ಷ ಹಳೆಯ, ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು ಅದು. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹೆಸರಿಗೆ ಮಾವನ ಕಾರು. ಆದರೆ ಅವರ ಓಣಿಯಲ್ಲಿ ನಡುರಾತ್ರಿ ಯಾರಿಗೆ ಎದೆನೋವು ಬಂದರೂ, ಯಾರ ಮನೆಯ ಮಗಳಿಗೆ ಹೆರಿಗೆ ನೋವು ಶುರುವಾದರೂ ಬಾಗಿಲು ತಟ್ಟುವುದು ಅವರದೇ. ಹುಮನಾಬಾದಿಗೋ ಬೀದರಿಗೋ ಒಯ್ಯಬೇಕು. ಇಂಥ ಗಾಡಿ ದಾರಿಯಲ್ಲಿ ಕೈಕೊಟ್ಟರೆ? ಆ ಭಯಕ್ಕೇ ಅವರು ತೊಗರಿ ಮಾರಿದ ದುಡ್ಡನ್ನು ಗೇರ್ ಬಾಕ್ಸಿಗೆ ಸುರಿಯಲು ಸಿದ್ಧರಾಗಿದ್ದರು. ಪಟ್ಟಣದ ಒಂದು ವರ್ಕ್‌ಶಾಪಿನಲ್ಲಿ ಕಾರನ್ನು ಹತ್ತು ನಿಮಿಷ ಓಡಿಸಿ ನೋಡಿ ಈ ತೀರ್ಪು ಕೊಟ್ಟಿದ್ದರು.

ಕೊಡುವ ಮೊದಲು ಇನ್ನೊಂದು ಕೈಗೆ ತೋರಿಸೋಣ ಎಂದು ನಾವು ಹೋದದ್ದು ಬಸವಕಲ್ಯಾಣದ ಕಡೆಗೆ.

ಲಾರಿಗಳ ಊರಿನ ಉಸ್ತಾದ್

ಶರಣರ ನಾಡೆಂದು ಹೆಸರಾದ ಬಸವಕಲ್ಯಾಣಕ್ಕೆ ಇನ್ನೊಂದು ಗುರುತೂ ಉಂಟು. ಅದು ಲಾರಿಗಳ ಊರು. ಪುಣೆ–ಹೈದರಾಬಾದ್ ಹೆದ್ದಾರಿ, ಅಂದರೆ ಹಿಂದಿನ 9ನೇ, ಈಗಿನ 65ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈ ತಾಲ್ಲೂಕನ್ನು ಹಾದು ಹುಮನಾಬಾದಿನ ಮೇಲೆ ಹೋಗುತ್ತದೆ. ಹೆದ್ದಾರಿಯ ಜೊತೆಗೇ ಲಾರಿ ವ್ಯವಹಾರ ಬೆಳೆಯಿತು. ಲಾರಿಯ ಜೊತೆಗೆ ಬಾಡಿ ಕಟ್ಟುವವರು, ಪಾಟಾ ಬಡಿಯುವವರು, ವೆಲ್ಡಿಂಗಿನವರು, ಟಯರಿನವರು, ಡೀಸೆಲ್ ಪಂಪಿನವರು ಬೆಳೆದರು. ಆಟೋನಗರದಲ್ಲಿ ಸುತ್ತಿತ್ತಿರುವಾಗ ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಒಂದೇ ವಾಕ್ಯದಲ್ಲಿ ಕೇಳಿಸುವುದುಂಟು. ಸ್ಪ್ಯಾನರಿಗೆ ಇಲ್ಲಿ ಪಾನಾ, ಮಿಸ್ತ್ರಿಗೆ ಉಸ್ತಾದ್, ಜರ್ಕಿಗೆ ಝಟಕಾ.

ನಮಗೆ ಸಿಕ್ಕ ಉಸ್ತಾದರಿಗೆ ಅರವತ್ತರ ಆಸುಪಾಸು. ಹನ್ನೆರಡನೇ ವಯಸ್ಸಿಗೆ ಲಾರಿಯ ಕೆಳಗೆ ಮಲಗಿದವರು. ಈಗ ಮಗ ಸ್ಕ್ಯಾನರ್ ಹಿಡಿಯುತ್ತಾನೆ, ಅಪ್ಪ ಕಿವಿ ಕೊಡುತ್ತಾರೆ. ನಾವು 'ಗೇರ್ ಬಾಕ್ಸ್ ಹೋಗಿದೆ' ಎಂದು ಶುರು ಮಾಡುವಷ್ಟರಲ್ಲೇ ಅವರು ಕೈಯೆತ್ತಿ ತಡೆದರು.

'ಏನು ಹೋಗ್ಯಾದಂತ ನೀವು ಹೇಳಬ್ಯಾಡ್ರಿ. ಏನು ಆಗ್ತದ, ಯಾವಾಗ ಆಗ್ತದ ಅದು ಹೇಳ್ರಿ.'

ಒಳ್ಳೆಯ ವೈದ್ಯನೂ ಹೀಗೇ ಶುರು ಮಾಡುತ್ತಾನಲ್ಲವೇ? ರೋಗಿ ತನ್ನ ರೋಗದ ಹೆಸರನ್ನು ತಾನೇ ಹೇಳಿಕೊಂಡು ಬಂದರೆ ಅರ್ಧ ದಾರಿ ತಪ್ಪಿದಂತೆ. ಉಸ್ತಾದರು ಕೇಳಿದ ಪ್ರಶ್ನೆಗಳು ಇವು: ಗಾಡಿ ತಣ್ಣಗಿದ್ದಾಗ ಜಗ್ಗುತ್ತದೋ ಬಿಸಿಯಾದ ಮೇಲೋ? ನಿಂತ ಗಾಡಿ ಹೊರಡುವಾಗಲೋ ಓಡುವಾಗಲೋ? ಒಂದೇ ಗೇರಿನಲ್ಲೋ ಎಲ್ಲದರಲ್ಲೋ? ಒಬ್ಬರೇ ಇದ್ದಾಗಲೋ, ಮಂದಿ ತುಂಬಿದಾಗಲೋ? ಸಮ ವೇಗದಲ್ಲಿ ಹೋಗುವಾಗ ಹೇಗೆ? ಕೊನೆಯದಾಗಿ, ಯಾವಾಗಿನಿಂದ ಶುರುವಾಯಿತು, ಅದಕ್ಕೆ ಮೊದಲು ಗಾಡಿಗೆ ಏನು ಮಾಡಿಸಿದ್ದಿರಿ?

ಮಾವ ಯೋಚಿಸಿ ಉತ್ತರಿಸಿದರು. ಹೊರಡುವಾಗ ಏನೂ ಇಲ್ಲ. ನಿಧಾನಕ್ಕೆ ಹೋದರೆ ಏನೂ ಇಲ್ಲ. ಏರಿನಲ್ಲಿ, ತುಂಬಿದ ಗಾಡಿಯಲ್ಲಿ, ಜೋರಾಗಿ ಒತ್ತಿದರೆ ಜಗ್ಗುತ್ತದೆ. ಎರಡು, ಮೂರು, ನಾಲ್ಕು ಯಾವ ಗೇರಾದರೂ ಅಷ್ಟೇ. ದಸರಾ ಆದ ಮೇಲೆ ಶುರುವಾಯಿತು. ಏನೂ ಮಾಡಿಸಿಲ್ಲ.

'ಎಲ್ಲಾ ಗೇರನ್ಯಾಗೂ ಝಟಕಾ ಅದ ಅಂದ್ರ, ಗೇರ್ ಬಾಕ್ಸ್ ಬಿಚ್ಚಾದು ಕಡೀ ಮಾತು' ಎಂದರು ಉಸ್ತಾದರು.

ಎಲ್ಲ ಗೇರಿನಲ್ಲೂ ಇದ್ದರೆ...

ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಕೈಯಿಂದ ಗೇರ್ ಹಾಕುವ ಕಾರಿನ ಗೇರ್ ಬಾಕ್ಸಿನೊಳಗೆ ಪ್ರತಿ ಗೇರಿಗೂ ಬೇರೆಬೇರೆ ಹಲ್ಲಿನ ಚಕ್ರಗಳ ಜೋಡಿ ಇರುತ್ತದೆ. ಈ ಜೋಡಿಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಾವು ಗೇರ್ ಹಾಕಿದೆವು ಎಂದರೆ ಅವುಗಳಲ್ಲಿ ಒಂದು ಜೋಡಿಯನ್ನು ಶಾಫ್ಟಿಗೆ ಬಿಗಿದೆವು ಎಂದರ್ಥ. ಬಿಗಿಯುವ ಮೊದಲು ಎರಡರ ವೇಗವನ್ನೂ ಸಮ ಮಾಡುವ ಹಿತ್ತಾಳೆಯ ಬಳೆಯಂಥ ಭಾಗಕ್ಕೆ ಸಿಂಕ್ರೊನೈಸರ್ ಎಂದು ಹೆಸರು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಇದು ಬಂದ ಮೇಲೆಯೇ ಗೇರ್ ಹಾಕುವಾಗಿನ ಕರಕರ ಸದ್ದು ತಪ್ಪಿದ್ದು.

ಆದ್ದರಿಂದ ಮೂರನೇ ಗೇರಿನ ಹಲ್ಲು ಮುರಿದಿದ್ದರೆ ಮೂರನೆಯದರಲ್ಲಿ ಮಾತ್ರ ಚಕ್ರ ತಿರುಗಿದ ಹಾಗೆಲ್ಲ ಲೆಕ್ಕ ಹಾಕಿದಂತೆ 'ಟಕ್ ಟಕ್' ಎನ್ನಬೇಕು. ಎರಡನೆಯದರ ಸಿಂಕ್ರೊ ಸವೆದಿದ್ದರೆ ಎರಡಕ್ಕೆ ಹಾಕುವಾಗ ಕರಕರ ಎನ್ನಬೇಕು, ಇಲ್ಲವೇ ಒತ್ತಿದಾಗ ಗೇರ್ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರಬೇಕು. ಬೇರಿಂಗ್ ಹೋಗಿದ್ದರೆ ಗುಂಯ್ ಎಂಬ ಗೋಳು ಕೇಳಬೇಕು. ನಾಲ್ಕೂ ಗೇರಿನ ಚಕ್ರಗಳು ಒಂದೇ ದಿನ ಮಾತಾಡಿಕೊಂಡು ಕೆಡುವುದು ಎಲ್ಲಾದರೂ ಉಂಟೇ? ಎಲ್ಲ ಗೇರಿನಲ್ಲೂ ಒಂದೇ ಬಗೆಯ ಝಟಕಾ ಇದೆಯೆಂದರೆ ಎಲ್ಲ ಗೇರುಗಳಿಗೂ ಸಮಾನವಾದ ಯಾವುದೋ ಭಾಗವನ್ನು ಹುಡುಕಬೇಕು. ಅಂಥವು ನಾಲ್ಕು: ಎಂಜಿನ್, ಕ್ಲಚ್, ಎಂಜಿನ್ನನ್ನು ಹೊತ್ತು ನಿಂತ ರಬ್ಬರ್ ಮೌಂಟಿಂಗುಗಳು, ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಆಕ್ಸಲ್.

ಹಾಗಾದರೆ ತಪ್ಪು ಗೇರ್ ಬಾಕ್ಸಿನ ತಲೆಗೆ ಬರುವುದೇಕೆ? ಎಂಜಿನ್ನಿನ ಎಲ್ಲ ಶಕ್ತಿಯೂ ಅದರ ಮೂಲಕವೇ ಚಕ್ರಕ್ಕೆ ಹೋಗಬೇಕು. ಎಂಜಿನ್ನಿನಲ್ಲಿ ಎದ್ದ ಸಣ್ಣ ಮುಗ್ಗರಿಕೆಯನ್ನು ಗೇರುಗಳು ಹಿಗ್ಗಿಸಿ ನಮ್ಮ ಬೆನ್ನಿಗೆ ತಲುಪಿಸುತ್ತವೆ. ಸಣ್ಣ ಕಾರಿನ ಮೊದಲ ಗೇರು ಎಂಜಿನ್ನಿನ ತಿರುಗುಬಲವನ್ನು ಸುಮಾರು ಮೂರೂವರೆ ಪಟ್ಟು ಹೆಚ್ಚಿಸುತ್ತದೆ, ಡಿಫರೆನ್ಷಿಯಲ್ ಅದನ್ನು ಮತ್ತೆ ಹೆಚ್ಚಿಸುತ್ತದೆ. ಸುದ್ದಿ ತಂದ ಅಂಚೆಯವನನ್ನು ಬೈದ ಹಾಗೆ ನಾವು ಗೇರ್ ಬಾಕ್ಸನ್ನು ಬೈಯುತ್ತೇವೆ.

ನಾಲ್ಕು ಪರೀಕ್ಷೆ

ಉಸ್ತಾದರು ತಾವೇ ಸ್ಟಿಯರಿಂಗ್ ಹಿಡಿದರು. ಮೊದಲು ಕ್ಲಚ್ಚಿನ ಪರೀಕ್ಷೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, 40 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಕಣ್ಣು ಎಂಜಿನ್ ಸುತ್ತು ತೋರಿಸುವ ಮುಳ್ಳಿನ ಮೇಲೆ. ಗಾಡಿಯ ವೇಗ ಏರದೆ ಮುಳ್ಳು ಮಾತ್ರ ಸರ್ರನೆ ಏರಿದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಇಲ್ಲಿ ಹಾಗಾಗಲಿಲ್ಲ, ಮುಳ್ಳೂ ವೇಗವೂ ಒಟ್ಟಿಗೇ ತಡವರಿಸಿದವು. ಕ್ಲಚ್ ತನ್ನ ಹಿಡಿತ ಬಿಟ್ಟಿಲ್ಲ.

ಕ್ಲಚ್ಚಿಗೆ ಇನ್ನೊಂದು ರೋಗವೂ ಉಂಟು. ನಿಂತ ಗಾಡಿ ಹೊರಡುವಾಗ, ಕ್ಲಚ್ ಪೆಡಲನ್ನು ಅರ್ಧ ಬಿಡುತ್ತಿದ್ದಂತೆ ಇಡೀ ಗಾಡಿ ಗಡಗಡ ನಡುಗುವುದು. ಎಂಜಿನ್ನಿನ ಇಲ್ಲವೇ ಗೇರ್ ಬಾಕ್ಸಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿದ್ದರೆ, ಪ್ಲೇಟಿನ ಸ್ಪ್ರಿಂಗುಗಳು ಸಡಿಲವಾಗಿದ್ದರೆ, ಫ್ಲೈವೀಲ್ ಕಾದು ಸೊಟ್ಟಗಾಗಿದ್ದರೆ ಹೀಗಾಗುತ್ತದೆ. ಪೂರ್ತಿ ಕಚ್ಚಿಕೊಂಡ ಮೇಲೆ ನಡುಕ ನಿಲ್ಲುತ್ತದೆ. ಮಾವನ ಕಾರು ಹೊರಡುವಾಗ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಹಾಗಾಗಿ ಕ್ಲಚ್ ಬಿಟ್ಟುಬಿಡಿ.

ಎರಡನೆಯದು ಮೌಂಟಿಂಗಿನ ಪರೀಕ್ಷೆ. ಎರಡನೇ ಗೇರಿನಲ್ಲಿ ಪೆಡಲನ್ನು ಒಮ್ಮೆ ಒತ್ತಿ ಒಮ್ಮೆ ಬಿಟ್ಟರು. ರಬ್ಬರ್ ಹರಿದಿದ್ದರೆ ಎಂಜಿನ್ ಹಿಂದಕ್ಕೂ ಮುಂದಕ್ಕೂ ತೊನೆದು ಪ್ರತಿ ಸಲ 'ಧಡ್' ಎಂದು ಒಂದೇ ಏಟು ಕೊಡುತ್ತದೆ. ಆಮೇಲೆ ಬಾನೆಟ್ ತೆರೆದು, ಮಗನನ್ನು ಸೀಟಿನಲ್ಲಿ ಕೂರಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿಸಿ, ಕ್ಲಚ್ಚನ್ನು ತುಸುವೇ ಕಚ್ಚಿಸಿ ಬಿಡಿಸಿದರು. ತಾವು ಮುಂದೆ ನಿಲ್ಲದೆ ಪಕ್ಕಕ್ಕೆ ನಿಂತು ನೋಡಿದರು. ಮುಂದೆ ನಿಲ್ಲುವುದು ಅಪಾಯ. ಎಂಜಿನ್ ಒಂದಿಷ್ಟು ಅಲುಗಿತು, ಅಷ್ಟೆ. ಮೌಂಟಿಂಗ್ ಗಟ್ಟಿ.

ಮೂರನೆಯದು ಆಕ್ಸಲ್. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಸುತ್ತು ಹೊಡೆದಾಗ 'ಕಟಕಟ' ಎಂದರೆ ಚಕ್ರದ ಕಡೆಯ ಜಾಯಿಂಟ್ ಸವೆದಿದೆ. ನೇರ ದಾರಿಯಲ್ಲಿ ಒತ್ತಿದಾಗ ಗಾಡಿ ಎಡಬಲಕ್ಕೆ ನಡುಗಿ, ಕಾಲು ತೆಗೆದ ಕೂಡಲೇ ನಿಂತರೆ ಗೇರ್ ಬಾಕ್ಸಿನ ಕಡೆಯ ಜಾಯಿಂಟ್. ರಬ್ಬರ್ ಟೋಪಿ ಹರಿದು ಗ್ರೀಸ್ ಹೊರಬಿದ್ದು ಎರೆಮಣ್ಣಿನ ದೂಳು ಒಳಸೇರಿದರೆ ಈ ಜಾಯಿಂಟಿನ ಆಯಸ್ಸು ಮುಗಿದಂತೆ. ಜೀಪು, ಪಿಕಪ್‌ಗಳಂಥ ಹಿಂಚಕ್ರದ ಗಾಡಿಗಳಲ್ಲಿ ಇದೇ ಜಾಗದಲ್ಲಿ ಉದ್ದನೆಯ ಪ್ರೊಪೆಲರ್ ಶಾಫ್ಟ್ ಇರುತ್ತದೆ. ಅದರ ಕ್ರಾಸ್ ಸವೆದರೆ ಹೊರಡುವಾಗ 'ಠಣ್' ಎನ್ನುತ್ತದೆ. ಮಾವನ ಕಾರಿನ ಟೋಪಿಗಳೆರಡೂ ನೆಟ್ಟಗಿದ್ದವು.

ಉಳಿದದ್ದು ಎಂಜಿನ್. ಝಟಕಾದ ಸ್ವಭಾವವೂ ಅದನ್ನೇ ಹೇಳುತ್ತಿತ್ತು. ಯಂತ್ರದ ಭಾಗ ಮುರಿದರೆ ಏಟು ಲೆಕ್ಕ ಇಟ್ಟಂತೆ ಬೀಳುತ್ತದೆ. ಇದು ಬಿಕ್ಕಳಿಕೆಯಂತೆ, ಒಮ್ಮೆ ಬಂದು ಒಮ್ಮೆ ತಪ್ಪಿ, ತಾಳವಿಲ್ಲದೆ ಬೀಳುತ್ತಿತ್ತು.

ಕೋಡು ಜಾಗ ಬದಲಿಸಿತು

ಈಗ ಮಗನ ಸರದಿ. ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯವಾದ ಈ ಏರ್ಪಾಡು ಕ್ರಮೇಣ ಜಗತ್ತಿನ ಎಲ್ಲೆಡೆ ಬಂತು. ಕಾರಿನೊಳಗಿನ ಕಂಪ್ಯೂಟರ್ ತನಗೆ ಕಂಡ ದೋಷವನ್ನು ಒಂದು ಅಕ್ಷರ, ನಾಲ್ಕು ಅಂಕಿಯ ಸಂಕೇತವಾಗಿ ಬರೆದಿಟ್ಟುಕೊಳ್ಳುತ್ತದೆ. ಸ್ಕ್ಯಾನರ್ ಚುಚ್ಚಿದಾಗ ಪರದೆಯ ಮೇಲೆ ಬಂದದ್ದು 'ಪಿ 0303'. ಮೂರನೇ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದು ಅದರ ಅರ್ಥ. ಗೇರ್ ಬಾಕ್ಸಿನ ಮಾತೇ ಇಲ್ಲ.

'ಎಂಜಿನ್ ದೀಪ ಹತ್ತಿದ್ದಿಲ್ಲೇನ್ರಿ ಕಾಕಾ?' ಎಂದು ಕೇಳಿದ ಹುಡುಗ. ಹತ್ತಿತ್ತು, ಮಿಣುಕಿತ್ತು, ಆಮೇಲೆ ತಾನೇ ಆರಿತ್ತು. ಸರ್ವಿಸಿಗೆ ಬಂದಿರಬೇಕೆಂದು ಮಾವ ಸುಮ್ಮನಾಗಿದ್ದರು. ನೆನಪಿಡಿ: ಎಂಜಿನ್ನಿನ ಚಿತ್ರದ ಹಳದಿ ದೀಪ ಸುಮ್ಮನೆ ಹತ್ತಿದ್ದರೆ ಬೇಗ ತೋರಿಸಿ, ಮಿಣುಕುತ್ತಿದ್ದರೆ ಕೂಡಲೇ ವೇಗ ತಗ್ಗಿಸಿ. ಉರಿಯದ ಪೆಟ್ರೋಲ್ ಹೊಗೆನಳಿಗೆಗೆ ಹೋಗಿ ಅಲ್ಲಿನ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ.

ಕೋಡು ಬಂತೆಂದು ಉಸ್ತಾದರು ಬಿಡಿಭಾಗ ತರಿಸಲಿಲ್ಲ. ಮೂರನೇ ಸಿಲಿಂಡರಿನಲ್ಲಿ ಕಿಡಿ ತಪ್ಪಲು ಪ್ಲಗ್ಗೇ ಕಾರಣವಿರಬಹುದು, ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ವಾಲ್ವ್ ಸುಟ್ಟಿರಬಹುದು. ಅವರು ಮೂರನೆಯ ಕಾಯಿಲನ್ನು ತೆಗೆದು ಒಂದನೆಯದರ ಮೇಲೂ, ಒಂದನೆಯದನ್ನು ಮೂರರ ಮೇಲೂ ಕೂರಿಸಿದರು. ಕೋಡು ಅಳಿಸಿ ಮತ್ತೆ ಏರು ಹತ್ತಿಸಿ ಬಂದರು. ಈಗ ಪರದೆಯ ಮೇಲೆ 'ಪಿ 0301'! ಕಾಯಿಲ್ ಹೋದಲ್ಲಿಗೆ ರೋಗವೂ ಹೋಗಿತ್ತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಒಂದು ಪೈಸೆ ಖರ್ಚಿಲ್ಲದೆ ಕಳ್ಳ ಸಿಕ್ಕಿಬಿದ್ದಿದ್ದ.

ಕಾಯಿಲಿನ ಕೆಳಗಿನ ರಬ್ಬರ್ ಕೊಳವೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಅದರ ಮೈಮೇಲೆ ಕೂದಲೆಳೆಯಂಥ ಬಿರುಕು, ಬಿರುಕಿನ ಗುಂಟ ಸುಟ್ಟ ಗೆರೆ. ಪ್ಲಗ್ ಕೂರುವ ಗುಂಡಿಯ ತಳದಲ್ಲಿ ತುಕ್ಕು. ನೀರು ನಿಂತ ಗುರುತು.

'ಗಾಡಿ ತೊಳಿಸಿದ್ರೇನು?'

ಮಾವನ ಮುಖದಲ್ಲಿ ಆಗ ಬೆಳಕು ಮೂಡಿತು. ಖಂಡೆ ಪೂಜೆ! ಆಯುಧ ಪೂಜೆಗೆ ಗಾಡಿ ಲಕಲಕ ಹೊಳೆಯಬೇಕೆಂದು ಬಾನೆಟ್ ತೆರೆದು, ಎಂಜಿನ್ನಿನ ಮೇಲೂ ಪ್ರೆಶರ್ ನೀರು ಹೊಡೆಸಿದ್ದರು. 'ಏನೂ ಮಾಡಿಸಿಲ್ಲ' ಎಂದಿದ್ದರಲ್ಲ, ತೊಳೆಸಿದ್ದು ಅವರ ಲೆಕ್ಕದಲ್ಲಿ ರಿಪೇರಿಯಲ್ಲ, ಭಕ್ತಿ.

ಇನ್ನು, ನಿಧಾನಕ್ಕೆ ಹೋದಾಗ ಸರಿಯಿದ್ದು ಜೋರಾಗಿ ಒತ್ತಿದಾಗಲೇ ಜಗ್ಗುವುದೇಕೆ? ಹೆಚ್ಚು ಒತ್ತಿದಷ್ಟೂ ಸಿಲಿಂಡರಿನೊಳಗೆ ಹೆಚ್ಚು ಗಾಳಿ, ಹೆಚ್ಚು ಒತ್ತಡ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ತುದಿಯ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಪಕ್ಕದಲ್ಲೇ ಬಿರುಕು ಬಿಟ್ಟ ರಬ್ಬರಿನ ಸುಲಭದ ದಾರಿ ಇರುವಾಗ ಕಿಡಿ ಆ ಕಡೆಗೆ ಸೋರಿಹೋಗುತ್ತದೆ. ಒಡ್ಡು ಒಡೆದಲ್ಲಿ ನೀರು ಹರಿದ ಹಾಗೆ. ನಿಂತ ಗಾಡಿಯಲ್ಲಿ ರೇಸ್ ಕೊಟ್ಟು ನೋಡಿದರೆ ಈ ದೋಷ ಕಾಣುವುದೇ ಇಲ್ಲ. ಭಾರ ಹೊತ್ತಾಗ ಮಾತ್ರ ಬಯಲಾಗುತ್ತದೆ.

ಒಂದು ಕಾಯಿಲ್, ಮೂರು ಪ್ಲಗ್, ಮಜೂರಿ ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ನಲವತ್ತೆರಡು ಸಾವಿರ ಉಳಿಯಿತು. ಅದಕ್ಕಿಂತ ಹೆಚ್ಚಿನದೆಂದರೆ, ಆ ನಲವತ್ತೈದು ಸಾವಿರ ಕೊಟ್ಟಿದ್ದರೂ ಝಟಕಾ ಅಲ್ಲೇ ಇರುತ್ತಿತ್ತು.

ಇಂಧನದ ದಾರಿಯಲ್ಲಿ

ಎಲ್ಲರ ಕಾರಿನಲ್ಲೂ ಕಾಯಿಲ್ಲೇ ಕಾರಣವೆಂದು ತಿಳಿಯಬೇಡಿ. ಎಂಜಿನ್ ಬಿಕ್ಕಲು ಇಂಧನ, ಗಾಳಿ, ಕಿಡಿ ಈ ಮೂರರಲ್ಲಿ ಯಾವುದು ಕಡಿಮೆಯಾದರೂ ಸಾಕು. ಏರ್ ಫಿಲ್ಟರ್ ದೂಳಿನಿಂದ ಕಟ್ಟಿಕೊಳ್ಳುವುದು ನಮ್ಮ ಕಡೆಯ ಮಾಮೂಲು ಕಾಯಿಲೆ. ಬೇಸಿಗೆಯಲ್ಲಿ ಬೀದರ್ ಸೀಮೆಯ ಕೆಂಪುಮಣ್ಣಿನ ದಾರಿಗಳಲ್ಲಿ ಓಡುವ ಗಾಡಿಗೆ ಕಂಪನಿಯ ಕೈಪಿಡಿ ಹೇಳಿದ ಅವಧಿಗಿಂತ ಮುಂಚೆಯೇ ಫಿಲ್ಟರ್ ಬದಲಿಸಬೇಕಾಗುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ ಕಾಲನ್ನು ತುಸುವೇ ಒತ್ತಿದಾಗ ಗಾಡಿ ಹಿಂದುಮುಂದಾಗುತ್ತದೆ. ಡೀಸೆಲ್ ಗಾಡಿಯಲ್ಲಿ ಮೊದಲ ಅನುಮಾನ ಫಿಲ್ಟರಿನ ಮೇಲೆ. ಅದರ ತಳದಲ್ಲಿ ನಿಂತ ನೀರನ್ನು ಬಿಡಲು ಅನೇಕ ಗಾಡಿಗಳಲ್ಲಿ ಒಂದು ಸ್ಕ್ರೂ ಇರುತ್ತದೆ.

ಪೆಟ್ರೋಲಿನ ವಿಷಯದಲ್ಲಿ ಈಗ ಇನ್ನೊಂದು ಮಾತು ಸೇರಿದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಕಬ್ಬಿನಿಂದಲೂ ತಯಾರಾಗುವ ಈ ಎಥೆನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಪಂಪು ಎಳೆಯುವುದು ತಳದಿಂದಲೇ ತಾನೆ? ಹಳೆಯ ಗಾಡಿಯಿದ್ದವರು ಟ್ಯಾಂಕಿನ ಮುಚ್ಚಳ, ರಬ್ಬರ್ ಪೈಪುಗಳ ಕಡೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು. ಬಂಕಿನಲ್ಲಿ ತುಂಬಿಸಿದ ಮರುದಿನವೇ ಜಗ್ಗಾಟ ಶುರುವಾದರೆ ಮೊದಲು ಟ್ಯಾಂಕನ್ನು ಅನುಮಾನಿಸಿ.

ತಾನೇ ಗೇರ್ ಬದಲಿಸುವ ಕಾರುಗಳು

ಹೈದರಾಬಾದ್, ಪುಣೆಗಳಲ್ಲಿ ಕೆಲಸಕ್ಕಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವುದು ಈಗ ಆಟೊಮ್ಯಾಟಿಕ್ ಕಾರುಗಳಲ್ಲಿ. ಅಲ್ಲಿ ಕಥೆಯೇ ಬೇರೆ. 'ಆಟೊಮ್ಯಾಟಿಕ್' ಎಂಬ ಒಂದೇ ಹೆಸರಿನಡಿ ನಾಲ್ಕು ಜಾತಿಗಳಿವೆ. ಜಾತಿ ತಿಳಿಯದೆ ಔಷಧ ಕೊಡುವಂತಿಲ್ಲ.

ಮೊದಲನೆಯದು ಹಳೆಯ ಟಾರ್ಕ್ ಕನ್ವರ್ಟರ್ ಬಗೆ. ಇದರಲ್ಲಿ ಕ್ಲಚ್ಚಿನ ಬದಲು ಎಣ್ಣೆ ತುಂಬಿದ ಡಬ್ಬಿಯೊಳಗೆ ಎದುರುಬದುರಾಗಿ ಎರಡು ರೆಕ್ಕೆಚಕ್ರಗಳು. ಎಂಜಿನ್ ಒಂದನ್ನು ತಿರುಗಿಸುತ್ತದೆ, ಚಿಮ್ಮಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ, ನಡುವೆ ಎಣ್ಣೆಯ ಹರಿವನ್ನು ತಿದ್ದಲು ಮತ್ತೊಂದು ಚಕ್ರ. ಜರ್ಮನಿಯ ಹರ್ಮನ್ ಫಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಜನರಲ್ ಮೋಟಾರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರಿನಲ್ಲಿ ಎಣ್ಣೆಯ ಕಪ್ಲಿಂಗಿನ ಆಟೊಮ್ಯಾಟಿಕ್ ಗೇರ್ ತಂದಿತು. 1948ರಲ್ಲಿ ಬ್ಯೂಕ್ ಕಾರಿಗೆ ಟಾರ್ಕ್ ಕನ್ವರ್ಟರನ್ನೇ ಕೂರಿಸಿತು. ಈ ಜಾತಿಯಲ್ಲಿ ಝಟಕಾ ಬಂದರೆ ಮೊದಲು ನೋಡಬೇಕಾದದ್ದು ಎಣ್ಣೆ. ಹಲವು ಕಾರುಗಳ ಎಣ್ಣೆ ಹೊಸತಿದ್ದಾಗ ಕೆಂಪಗಿರುತ್ತದೆ. ಕಂದಾಗಿ, ಸುಟ್ಟ ವಾಸನೆ ಬಂದರೆ ಒಳಗಿನ ಪ್ಲೇಟುಗಳು ಕಾದಿವೆ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಎಂಜಿನ್ ಬಿಸಿಯಾಗಿದ್ದಾಗ ಅಳೆಯಬೇಕೋ, ಓಡುತ್ತಿರುವಾಗಲೋ, ನಿಂತ ಮೇಲೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಕೈಪಿಡಿ ಹೇಳಿದಂತೆಯೇ ಅಳೆಯಿರಿ. ಹೊಸ ಕಾರುಗಳು ಅನೇಕವಕ್ಕೆ ಅಳೆಯುವ ಕಡ್ಡಿಯೇ ಇರುವುದಿಲ್ಲ.

50ರಿಂದ 80 ಕಿಲೋಮೀಟರ್ ವೇಗದಲ್ಲಿ, ಕಾಲನ್ನು ಹಗುರವಾಗಿ ಒತ್ತಿದಾಗ, ರಸ್ತೆಯ ಮೇಲೆ ಸಾಲು ಉಬ್ಬುಗಳಿದ್ದಂತೆ ನಡುಕ ಬರುತ್ತದೆಯೇ? ಅದು ಟಾರ್ಕ್ ಕನ್ವರ್ಟರಿನೊಳಗಿನ ಬೀಗದ ಕ್ಲಚ್ಚಿನದಿರಬಹುದು. ಎಣ್ಣೆಯಲ್ಲಿ ಶಕ್ತಿ ಸೋರದಿರಲೆಂದು ಒಂದು ವೇಗ ದಾಟಿದ ಮೇಲೆ ಎರಡು ಚಕ್ರಗಳನ್ನೂ ಬೆಸೆಯುವ ಕ್ಲಚ್ ಅದು. ಎಣ್ಣೆ ಹಳತಾದರೆ ಅದು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ. ಸರಿಯಾದ ಎಣ್ಣೆ ಬದಲಿಸಿದರೆ ಎಷ್ಟೋ ಸಲ ನಡುಕ ಮಾಯವಾಗುತ್ತದೆ. ಹಾಗಾಗದಿದ್ದರೆ ಎಣ್ಣೆಯ ದಾರಿ ತೆರೆದು ಮುಚ್ಚುವ ಸೊಲೆನಾಯ್ಡುಗಳು, ವಾಲ್ವ್ ಬಾಡಿ, ಕೊನೆಗೆ ಕನ್ವರ್ಟರ್ ಹೀಗೆ ಹಂತಹಂತವಾಗಿ ಮುಂದುವರಿಯಬೇಕು. ಸ್ಕ್ಯಾನರಿನಲ್ಲಿ 'ಪಿ 0700' ಬಂದರೆ ಗಾಬರಿ ಬೇಡ. ಗೇರ್ ಬಾಕ್ಸಿನ ಕಂಪ್ಯೂಟರ್ ಏನೋ ಹೇಳಬೇಕೆಂದಿದೆ, ಅದನ್ನು ವಿಚಾರಿಸಿ ಎಂಬ ಚೀಟಿಯಷ್ಟೇ ಅದು. ನಿಜವಾದ ದೂರು ಅದರ ಜೊತೆಯ ಇನ್ನೊಂದು ಕೋಡಿನಲ್ಲಿರುತ್ತದೆ.

ಎರಡನೆಯದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ನಮ್ಮಲ್ಲಿ ಜನಪ್ರಿಯವಾಯಿತು. ಒಳಗಿರುವುದು ಮಾಮೂಲಿ ಗೇರ್ ಬಾಕ್ಸು, ಮಾಮೂಲಿ ಕ್ಲಚ್ಚು. ನಮ್ಮ ಎಡಗಾಲಿನ, ಎಡಗೈಯ ಕೆಲಸವನ್ನು ಯಂತ್ರದ ಕೈಗಳು ಮಾಡುತ್ತವೆ. ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಲ್ಲುವುದರಿಂದ ತಲೆ ತುಸು ಮುಂದಕ್ಕೆ ವಾಲುವುದು ಅದರ ಹುಟ್ಟುಗುಣ. ಬದಲಾಗುವ ಹೊತ್ತಿಗೆ ಕಾಲನ್ನು ಕೊಂಚ ಸಡಿಲಿಸಿದರೆ ಹಿತ. ಮೊದಲಿಲ್ಲದ ಝಟಕಾ ಹೊಸದಾಗಿ ಬಂದರೆ ಮಾತ್ರ ಕ್ಲಚ್ ಸವೆತ, ಆಕ್ಚುಯೇಟರ್ ನೋಡಿಸಬೇಕು. ಕ್ಲಚ್ ಬದಲಿಸಿದ ಮೇಲೆ ಹೊಸ ಪ್ಲೇಟು ಎಲ್ಲಿ ಕಚ್ಚುತ್ತದೆಂದು ಕಂಪ್ಯೂಟರಿಗೆ ಸ್ಕ್ಯಾನರಿನಿಂದ ಕಲಿಸಿಕೊಡಬೇಕು. ಇದನ್ನು ಮರೆತರೆ ಹೊಸ ಕ್ಲಚ್ಚೂ ಜಗ್ಗುತ್ತದೆ.

ಮೂರನೆಯದು ಸಿವಿಟಿ: ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟು. ಇದಕ್ಕೆ ಇದರದೇ ಎಣ್ಣೆ ಬೇಕು. ಬೇರೆ ಎಣ್ಣೆ ಹಾಕಿದರೆ ಬೆಲ್ಟ್ ಜಾರಿ ಪುಲ್ಲಿ ಗೀರಿಹೋಗುತ್ತದೆ. ನಾಲ್ಕನೆಯದು ಎರಡು ಕ್ಲಚ್ಚಿನ ಡಿಸಿಟಿ. ಜಾತ್ರೆಯ ಗದ್ದಲದಲ್ಲಿ ಇಂಚಿಂಚು ತೆವಳಿದರೆ ಇದರ ಕ್ಲಚ್ಚುಗಳು ಕಾಯುತ್ತವೆ, ಕಾದಾಗ ಜಗ್ಗುತ್ತವೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ದಿನ ಊರೊಳಕ್ಕೆ ಕಾರು ನುಗ್ಗಿಸದೆ ಹೊರಗೇ ನಿಲ್ಲಿಸಿ ನಡೆದುಹೋಗುವುದು ಭಕ್ತರಿಗೂ ಒಳ್ಳೆಯದು, ಕ್ಲಚ್ಚಿಗೂ.

ಬಿಚ್ಚುವ ಮೊದಲು

ಗೇರ್ ಬಾಕ್ಸ್ ಕೆಡುವುದೇ ಇಲ್ಲವೆಂದಲ್ಲ. ಎಣ್ಣೆ ಸೋರಿದ್ದನ್ನು ಲಕ್ಷಿಸದೆ ಓಡಿಸಿದರೆ ಖಂಡಿತ ಕೆಡುತ್ತದೆ. ಸಣ್ಣ ಕಾರಿನ ಗೇರ್ ಬಾಕ್ಸಿನಲ್ಲಿರುವುದು ಎರಡು ಲೀಟರಿನ ಆಸುಪಾಸಿನ ಎಣ್ಣೆ; ಅದರಲ್ಲಿ ಅರ್ಧ ಇಲ್ಲವಾದರೂ ಡ್ಯಾಶ್‌ಬೋರ್ಡಿನ ಯಾವ ದೀಪವೂ ಹೇಳುವುದಿಲ್ಲ. ಗಾಡಿ ನಿಂತ ಜಾಗದಲ್ಲಿ ಎಣ್ಣೆಯ ಕಲೆ ಬಿದ್ದಿದೆಯೇ ಎಂದು ಬೆಳಿಗ್ಗೆ ಬಗ್ಗಿ ನೋಡುವ ಅಭ್ಯಾಸಕ್ಕೆ ಖರ್ಚೇನಿಲ್ಲ. ಗೇರ್ ಬಾಕ್ಸ್ ಬಿಚ್ಚಿಸಲೇಬೇಕಾದಾಗ ಮೊದಲು ತಳದ ಬೋಲ್ಟ್ ತೆಗೆದು ಎಣ್ಣೆಯನ್ನು ತಟ್ಟೆಗೆ ಇಳಿಸಿ ನೋಡಿ ಎನ್ನುತ್ತಾರೆ ಉಸ್ತಾದರು. ಬೋಲ್ಟಿನ ಅಯಸ್ಕಾಂತಕ್ಕೆ ನುಣ್ಣನೆಯ ಮಸಿಯಂಥ ಪುಡಿ ಅಂಟಿದ್ದರೆ ಅದು ವಯಸ್ಸಿನ ಸವೆತ. ಕೈಗೆ ಚುಚ್ಚುವ ಚೂರುಗಳು ಸಿಕ್ಕರೆ ಒಳಗೆ ಹಲ್ಲು ಹೋಗಿದೆ, ಆಗ ಬಿಚ್ಚಿ.

ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಐದು ಸಂಗತಿ ಬರೆದುಕೊಳ್ಳಿ: ಯಾವ ಗೇರು, ಯಾವ ವೇಗ, ತಣ್ಣಗೋ ಬಿಸಿಯೋ, ಖಾಲಿಯೋ ತುಂಬಿತ್ತೋ, ಯಾವಾಗಿನಿಂದ ಮತ್ತು ಅದಕ್ಕೆ ಹಿಂದಿನ ವಾರ ಗಾಡಿಗೆ ಏನಾಯಿತು. ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓಡಿಸಿ, ಝಟಕಾ ತೋರಿಸಿ. ಸ್ಕ್ಯಾನರಿನ ಕೋಡನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. 'ಗೇರ್ ಬಾಕ್ಸ್ ಹೋಗಿದೆ' ಎಂದವರನ್ನು ಒಂದೇ ಪ್ರಶ್ನೆ ಕೇಳಿ: ಹೇಗೆ ಗೊತ್ತಾಯಿತು? ಒಳ್ಳೆಯ ಮಿಸ್ತ್ರಿ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಕರೆದು ತೋರಿಸುತ್ತಾನೆ. ತೆಗೆದುಹಾಕಿದ ಹಳೆಯ ಭಾಗವನ್ನು ನಿಮ್ಮ ಕೈಗೆ ಕೊಡುತ್ತಾನೆ.

ಆ ಬಿರುಕು ಬಿಟ್ಟ ಕಾಯಿಲನ್ನು ಮಾವ ಮನೆಗೆ ತಂದು ಗೂಟಕ್ಕೆ ನೇತುಹಾಕಿದ್ದಾರೆ. ರಿಪೇರಿಯಾದ ಹನ್ನೆರಡನೇ ದಿನಕ್ಕೆ ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಓಣಿಯ ಬಾಣಂತನದ ಹುಡುಗಿ, ಜೊತೆಗೆ ಅವಳ ತಾಯಿ, ಅತ್ತೆ, ಅಣ್ಣ. ತುಂಬಿದ ಗಾಡಿ. ಹುಮನಾಬಾದಿನ ದಾರಿಯ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತುವಾಗ ಅಂಗೈ ಬೆವರಿತ್ತಂತೆ. ಗಾಡಿ ಜಗ್ಗಲಿಲ್ಲ. ಬೆಳಗಾಗುವಷ್ಟರಲ್ಲಿ ಹೆಣ್ಣು ಮಗು.

ಮರುವರ್ಷದ ಖಂಡೆ ಪೂಜೆಯ ದಿನ ನಾನು ಕೊಡಂಬಲದಲ್ಲೇ ಇದ್ದೆ. ಅಂಗಳದಲ್ಲಿ ಕಾರು ನಿಂತಿತ್ತು. ಮೈಯೆಲ್ಲ ನೀರು ಹೊಡೆಸಿಕೊಂಡು ಹೊಳೆಯುತ್ತಿತ್ತು, ಚೆಂಡುಹೂವಿನ ಹಾರ ಬಿದ್ದಿತ್ತು. ಬಾನೆಟ್ ತೆರೆಯುವ ಹೊತ್ತಿಗೆ ಮೊಮ್ಮಗ ಪೈಪು ಹಿಡಿದು ಓಡಿಬಂದ.

'ಅಲ್ಲಿ ಬ್ಯಾಡೋ' ಎಂದು ಮಾವ ಅವನ ಕೈ ಹಿಡಿದರು. ಒಣ ಬಟ್ಟೆ ತೆಗೆದುಕೊಂಡು ಎಂಜಿನ್ನಿನ ಮೇಲಿನ ದೂಳನ್ನು ತಾವೇ ನಿಧಾನವಾಗಿ ಒರೆಸಿದರು. ಆಮೇಲೆ ಕುಂಕುಮ ಹಚ್ಚಿದರು.